ಹೊಸದಾಗಿ ಕಲಾಕೃತಿ ಕೊಳ್ಳುವವರು, ಈಗಷ್ಟೇ ಕಲಾಶಾಲೆ ಮುಗಿಸಿದ ಕಲಾವಿದರು: ಇವರಿಬ್ಬರ ಭೇಟಿ ಎಲ್ಲಿ ಆಗಬೇಕು?

ಗೋಡೆಬರಹ (ಧಾರವಾಡ)

ದೃಶ್ಯಕಲೆಯ ವಿದ್ಯಾರ್ಥಿಗಳಿಗೆ ಕಲೆಯ ಇತಿಹಾಸ ಪಾಠ ಮಾಡುವವಳು ನಾನು. ಪ್ರತಿ ವರ್ಷ ಅಂತಿಮ ವರ್ಷದವರ ಪ್ರದರ್ಶನ ಮುಗಿದ ಮೇಲೆ, ಅವರಲ್ಲಿ ಒಳ್ಳೆಯ ಕೈಯಿರುವವರು ಮುಂದೆ ಏನಾಗುತ್ತಾರೆ ಎಂಬುದನ್ನು ಗಮನಿಸುತ್ತಾ ಬಂದಿದ್ದೇನೆ. ಕೆಲವರು ಸ್ನಾತಕೋತ್ತರ ಪದವಿಗೆಂದು ಬರೋಡಕ್ಕೋ ಶಾಂತಿನಿಕೇತನಕ್ಕೋ ಹೋಗುತ್ತಾರೆ. ಕೆಲವರು ಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರಾಗುತ್ತಾರೆ. ಉಳಿದವರು ಒಳಾಂಗಣ ವಿನ್ಯಾಸದ ಕಚೇರಿಯನ್ನೋ ಆನಿಮೇಷನ್ ಕಂಪನಿಯನ್ನೋ ಸೇರಿ, ರಾತ್ರಿ ಹೊತ್ತು ಸ್ವಂತ ಕೆಲಸ ಮಾಡುತ್ತೇನೆಂದು ಹೇಳುತ್ತಾ ಹೇಳುತ್ತಾ ಎರಡು ಮೂರು ವರ್ಷಗಳಲ್ಲಿ ಕುಂಚವನ್ನು ಕೆಳಗಿಟ್ಟುಬಿಡುತ್ತಾರೆ. ಹಾಗೆ ಬಿಟ್ಟವರಲ್ಲಿ ಬಹಳ ಮಂದಿಗೆ ಪ್ರತಿಭೆಯ ಕೊರತೆ ಇರಲಿಲ್ಲ. ಆ ಅವಧಿಯಲ್ಲಿ ವರ್ಷಕ್ಕೆ ನಾಲ್ಕೈದು ಕೃತಿಗಳು ಮಾರಾಟವಾಗಿದ್ದರೆ ಬಣ್ಣ, ಕಾಗದ ಮತ್ತು ಕೆಲಸ ಮಾಡಲು ಒಂದು ಬಾಡಿಗೆ ಕೋಣೆಯ ಖರ್ಚು ಹೊರಟು, ಅವರು ಉಳಿದುಕೊಳ್ಳುತ್ತಿದ್ದರು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಇನ್ನೊಂದು ಕಡೆ ನನ್ನ ಹಳೆಯ ಸ್ನೇಹಿತರು, ಬಂಧುಗಳ ಮಕ್ಕಳು ಇದ್ದಾರೆ. ಒಳ್ಳೆಯ ಸಂಬಳ, ಹೊಸ ಮನೆ, ಖಾಲಿ ಗೋಡೆ. ಪೀಠೋಪಕರಣದ ಅಂಗಡಿಯಲ್ಲಿ ಸೋಫಾ ಕೊಳ್ಳುವಾಗ ಅದರ ಬಣ್ಣಕ್ಕೆ ಹೊಂದುವ, ಯಂತ್ರದಲ್ಲಿ ಮುದ್ರಿಸಿದ ಕ್ಯಾನ್ವಾಸನ್ನು ಎಂಟು ಹತ್ತು ಸಾವಿರ ಕೊಟ್ಟು ತಂದು ತೂಗುಹಾಕುತ್ತಾರೆ. ನಾನು ಕಂಡಂತೆ, ಅದೇ ಹಣಕ್ಕೆ ಕಲಾಶಾಲೆಯಿಂದ ಹೊರಬಂದ ಹುಡುಗನೋ ಹುಡುಗಿಯೋ ತನ್ನ ಕೈಯಾರೆ ಮಾಡಿದ ಒಂದು ಎಚ್ಚಿಂಗ್ (ಲೋಹದ ತಗಡಿನಿಂದ ತೆಗೆದ ಅಚ್ಚುಚಿತ್ರ) ಅಥವಾ ಮಧ್ಯಮ ಗಾತ್ರದ ಜಲವರ್ಣ ಸಿಗುತ್ತದೆ. ಇವರು ಜಿಪುಣರಲ್ಲ, ಅಭಿರುಚಿ ಇಲ್ಲದವರೂ ಅಲ್ಲ. ಇವರಿಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲ, ಗೊತ್ತಾದರೂ ಗ್ಯಾಲರಿಯೊಳಗೆ ಕಾಲಿಟ್ಟು ಬೆಲೆ ಕೇಳಲು ಸಂಕೋಚ.

ಬೆಂಗಳೂರಿನಲ್ಲಿ ಈ ಸಂಕೋಚವನ್ನು ಮುರಿದ ಒಂದು ದೊಡ್ಡ ಪ್ರಯತ್ನವೆಂದರೆ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ. ಎರಡು ದಶಕಗಳಿಂದ ವರ್ಷದ ಆರಂಭದ ಒಂದು ಭಾನುವಾರ ಕುಮಾರಕೃಪಾ ರಸ್ತೆಯ ಇಕ್ಕೆಲಗಳಲ್ಲಿ ನೂರಾರು ಕಲಾವಿದರು ತಮ್ಮ ಕೆಲಸವನ್ನು ಹರಡಿಕೊಂಡು ಕೂರುತ್ತಾರೆ, ಪ್ರವೇಶಕ್ಕೆ ಹಣವಿಲ್ಲ, ನೂರು ರೂಪಾಯಿಯ ರೇಖಾಚಿತ್ರದಿಂದ ಲಕ್ಷದ ತೈಲವರ್ಣದವರೆಗೆ ಎಲ್ಲವೂ ಸಿಗುತ್ತದೆ. ಮನೆಗೊಂದು ಕಲಾಕೃತಿ ಎಂಬ ಅದರ ಆಶಯವನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಆ ಜನಜಂಗುಳಿಯಲ್ಲಿ ಒಬ್ಬ ಕಲಾವಿದನ ಮುಂದೆ ಹತ್ತು ನಿಮಿಷ ನಿಲ್ಲಲು ಆಗುವುದಿಲ್ಲ. ದೇವರ ಚಿತ್ರ, ಕುದುರೆ, ಬುದ್ಧ ಮೊದಲಾದ, ನಿಂತ ಕಾಲಲ್ಲೇ ಇಷ್ಟವಾಗುವ ವಸ್ತುಗಳು ಬೇಗ ಮಾರಾಟವಾಗುತ್ತವೆ. ನಿಧಾನವಾಗಿ ನೋಡಿಸಿಕೊಳ್ಳುವ ಸಮಕಾಲೀನ ಕೆಲಸ ಸಂಜೆ ಹಾಗೆಯೇ ಮರಳಿ ಗಂಟು ಕಟ್ಟಿಸಿಕೊಳ್ಳುತ್ತದೆ.

ಆದ್ದರಿಂದ ನನ್ನ ವಾದ ಇಷ್ಟು. ಹೊಸ ಕೊಳ್ಳುಗರೂ ಹೊಸ ಕಲಾವಿದರೂ ಮೊದಲು ಭೇಟಿಯಾಗಬೇಕಾದದ್ದು ಕೆಲಸ ನಡೆಯುವ ಜಾಗದಲ್ಲಿ, ಅಂದರೆ ಕಲಾಶಾಲೆಯ ವಾರ್ಷಿಕ ಪ್ರದರ್ಶನದಲ್ಲಿ, ಬಾಡಿಗೆ ಕೋಣೆಯ ಸ್ಟುಡಿಯೋದಲ್ಲಿ, ಅಚ್ಚಿನ ಯಂತ್ರದ ಪಕ್ಕದಲ್ಲಿ. ಮತ್ತು ಆ ಭೇಟಿಯಲ್ಲಿ ಬೆಲೆ ಬಾಯಿಬಿಟ್ಟು ಹೇಳುವಂತಿರಬೇಕು, ಸಾಧ್ಯವಾದರೆ ಕೃತಿಯ ಪಕ್ಕದಲ್ಲೇ ಬರೆದಿರಬೇಕು. ಇದನ್ನು ಒಪ್ಪುವವರೂ ಒಪ್ಪದವರೂ ದಯವಿಟ್ಟು ಬರೆಯಿರಿ.

ಹೊಸಗೋಡೆ (ಬೆಂಗಳೂರು)

ಮೇಡಂ, ನೀವು ಹೇಳಿದ ಸೋಫಾಕ್ಕೆ ಹೊಂದುವ ಕ್ಯಾನ್ವಾಸು ನಮ್ಮ ಮನೆಯಲ್ಲೂ ಇದೆ. ನಾನೂ ನನ್ನ ಹೆಂಡತಿಯೂ ಈ ವರ್ಷ ಒಂದು ನಿಜವಾದ ಕೃತಿಯನ್ನು ಕೊಳ್ಳಬೇಕೆಂದು ನಿಶ್ಚಯಿಸಿದ್ದೇವೆ, ಇಪ್ಪತ್ತು ಸಾವಿರದವರೆಗೆ ಖರ್ಚು ಮಾಡಬಲ್ಲೆವು. ನಮಗಿರುವ ಭಯ ಬೆಲೆಯದ್ದು ಮಾತ್ರವಲ್ಲ. ನೋಡಿದ ಕೆಲಸ ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಐದು ವರ್ಷಗಳ ನಂತರ ಆ ಕಲಾವಿದರು ಕೆಲಸವನ್ನೇ ಬಿಟ್ಟರೆ ನಮ್ಮ ಹಣ ವ್ಯರ್ಥವಾದಂತೆಯೇ? ಇನ್ನೊಂದು ವಿಷಯ: ಸ್ಟುಡಿಯೋಕ್ಕೆ ಹೋಗಿ ನೋಡಿ, ಏನನ್ನೂ ಕೊಳ್ಳದೆ ಹೊರಟರೆ ಅವರಿಗೆ ಬೇಸರವಾಗುವುದಿಲ್ಲವೇ?

ಗೋಡೆಬರಹ (ಧಾರವಾಡ)

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಬೇಸರವಾಗುವುದಿಲ್ಲ. ಕಲಾಶಾಲೆ ಬಿಟ್ಟ ಮೇಲೆ ಇವರನ್ನು ಹೆಚ್ಚು ಕಾಡುವುದು ಕೆಲಸವನ್ನು ನೋಡುವವರೇ ಇಲ್ಲ ಎಂಬ ಒಂಟಿತನ. ಮುಂಚಿತವಾಗಿ ಫೋನು ಮಾಡಿ, ನಾವು ನೋಡಲು ಬರುತ್ತಿದ್ದೇವೆ, ಕೊಳ್ಳುವ ಬಗ್ಗೆ ಇನ್ನೂ ನಿರ್ಧರಿಸಿಲ್ಲ ಎಂದು ನೇರವಾಗಿ ಹೇಳಿ ಹೋಗಿ.

ಒಳ್ಳೆಯದನ್ನು ಗುರುತಿಸುವುದು ಕಣ್ಣಿನ ಅಭ್ಯಾಸ, ಅದಕ್ಕೆ ಅಡ್ಡದಾರಿ ಇಲ್ಲ. ನೀವು ಬೆಂಗಳೂರಿನಲ್ಲಿ ಇರುವುದರಿಂದ ಆ ಅಭ್ಯಾಸಕ್ಕೆ ಅನುಕೂಲ ಹೆಚ್ಚು. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಶಾಖೆ ಇದೆ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ ವಸ್ತುಸಂಗ್ರಹಾಲಯ ಇದೆ. ಅದೇ ರಸ್ತೆಯಲ್ಲಿ ಕೆ. ವೆಂಕಟಪ್ಪನವರ ಹೆಸರಿನ ಸರಕಾರಿ ಗ್ಯಾಲರಿಯೂ ಇದೆ. ಅವರ ಊಟಿಯ ಜಲವರ್ಣಗಳ ಮುಂದೆ ನಿಂತು, ಮಂಜನ್ನು ತೋರಿಸಲು ಆತ ಕಾಗದವನ್ನು ಎಷ್ಟು ಖಾಲಿ ಬಿಟ್ಟಿದ್ದಾರೆ ಎಂದು ನೋಡಿದವರಿಗೆ ಜಲವರ್ಣದ ಬಗ್ಗೆ ಬೇರೆ ಪಾಠವೇ ಬೇಡ. ಆಮೇಲೆ ಶಾಂತಿನಗರದ ಒನ್ ಶಾಂತಿರೋಡ್‌ನಂತಹ, ಕಲಾವಿದರೇ ನಡೆಸುವ ಜಾಗಗಳಿಗೆ ಹೋಗಿ. ಅಲ್ಲಿ ಪ್ರದರ್ಶನ ಉದ್ಘಾಟನೆಯ ಸಂಜೆ ಕಲಾವಿದರು ಅಲ್ಲೇ ನಿಂತಿರುತ್ತಾರೆ, ಯಾರು ಬೇಕಾದರೂ ಹೋಗಿ ಮಾತಾಡಿಸಬಹುದು.

ಸ್ಟುಡಿಯೋದಲ್ಲಿ ನಾನು ಅನುಸರಿಸುವ ಕ್ರಮವನ್ನು ಹೇಳುತ್ತೇನೆ. ಇಷ್ಟವಾದ ಒಂದೇ ಕೃತಿಯನ್ನು ನೋಡಿ ಎದ್ದುಬರುವುದಿಲ್ಲ, ಅದಕ್ಕಿಂತ ಎರಡು ವರ್ಷ ಹಿಂದಿನದ್ದನ್ನೂ ತೋರಿಸಿ ಎಂದು ಕೇಳುತ್ತೇನೆ. ಸ್ಕೆಚ್ ಪುಸ್ತಕ ಕೊಡಿ ಎನ್ನುತ್ತೇನೆ. ಅರ್ಧಕ್ಕೆ ಬಿಟ್ಟ ಕೆಲಸ ಮೂಲೆಯಲ್ಲಿ ಇದ್ದರೆ, ಅದನ್ನು ಯಾಕೆ ಬಿಟ್ಟಿರಿ ಎಂದು ವಿಚಾರಿಸುತ್ತೇನೆ. ಆ ಪ್ರಶ್ನೆಗೆ ಕಲಾವಿದ ಕೊಡುವ ಉತ್ತರದಲ್ಲಿ ಅವನು ತನಗೆ ತಾನು ಎಷ್ಟು ಕಟ್ಟುನಿಟ್ಟು ಎಂಬುದು ತಿಳಿಯುತ್ತದೆ. ಪ್ರದರ್ಶನಗಳ ಪಟ್ಟಿ, ಪ್ರಶಸ್ತಿಗಳ ಪಟ್ಟಿ ಇವನ್ನೆಲ್ಲ ನಂತರ ಓದಿದರೆ ಸಾಕು.

ಹಣ ವ್ಯರ್ಥವಾಗುತ್ತದೆಯೇ ಎಂಬ ಪ್ರಶ್ನೆಗೆ ನನ್ನ ನಿಲುವು ಕಠಿಣವಾಗಿಯೇ ಇದೆ. ಈ ಹಂತದ ಕಲಾವಿದರಿಂದ ಕೊಳ್ಳುವವರು ಬೆಲೆ ಏರುತ್ತದೆ ಎಂದು ಕೊಳ್ಳಬಾರದು. ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಓದಿ, ಬರೋಡದಲ್ಲಿ ಸ್ನಾತಕೋತ್ತರ ಮುಗಿಸಿ, ಮೈಸೂರಿಗೇ ಮರಳಿ ಕೆಲಸ ಮಾಡುತ್ತಾ ಎನ್.ಎಸ್. ಹರ್ಷ ಅವರು 2008ರಲ್ಲಿ ವೇಲ್ಸ್‌ನ ಆರ್ಟೆಸ್ ಮುಂಡಿ ಪ್ರಶಸ್ತಿ ಪಡೆದರು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರ ಕೃತಿಗಳು ಇಂದು ಜಗತ್ತಿನ ದೊಡ್ಡ ಸಂಗ್ರಹಾಲಯಗಳಲ್ಲಿವೆ. ಇಂತಹ ಉದಾಹರಣೆಗಳು ನಮಗೆ ಹೆಮ್ಮೆ ತರಬೇಕು, ಲಾಟರಿಯ ಆಸೆ ಹುಟ್ಟಿಸಬಾರದು. ಕಲಾವಿದ ಕೆಲಸ ಬಿಟ್ಟರೂ ನಿಮ್ಮ ಗೋಡೆಯ ಮೇಲಿನ ಕೃತಿ ಕೆಡುವುದಿಲ್ಲ, ನಿಮಗೆ ಅದು ಇಷ್ಟವಾಗಿದ್ದ ಕಾರಣವೂ ಕೆಡುವುದಿಲ್ಲ.

ಅಚ್ಚಿನಮನೆ (ಮೈಸೂರು)

ನಾನು ಪ್ರಿಂಟ್‌ಮೇಕರ್. ಕಲಾಶಾಲೆ ಬಿಟ್ಟು ನಾಲ್ಕು ವರ್ಷವಾಯಿತು, ಕೆಲಸವನ್ನು ಸದ್ಯ ಬಿಟ್ಟಿಲ್ಲ. ಈ ಚರ್ಚೆಯಲ್ಲಿ ನನ್ನಂಥವರ ಬದಿಯಿಂದ ಕೆಲವು ಮಾತುಗಳನ್ನು ಹೇಳಬೇಕಾಗಿದೆ.

ಮೊದಲನೆಯದಾಗಿ, ಪ್ರಿಂಟ್ ಎಂದ ಕೂಡಲೇ ಜನ ಜೆರಾಕ್ಸ್ ಎಂದುಕೊಳ್ಳುತ್ತಾರೆ. ನಾನು ಮಾಡುವ ಎಚ್ಚಿಂಗ್‌ನಲ್ಲಿ ಸತುವಿನ ತಗಡಿನ ಮೇಲೆ ಮೇಣದಂತಹ ಲೇಪ ಹಚ್ಚಿ, ಸೂಜಿಯಿಂದ ಗೆರೆ ಎಳೆದು, ಆಮ್ಲದಲ್ಲಿ ಅದ್ದುತ್ತೇವೆ. ಲೇಪ ಹೋದ ಕಡೆ ಆಮ್ಲ ತಗಡನ್ನು ತಿನ್ನುತ್ತದೆ, ಎಷ್ಟು ಹೊತ್ತು ತಿಂದರೆ ಗೆರೆ ಅಷ್ಟು ಆಳ, ಅಷ್ಟು ಕಪ್ಪು. ನಂತರ ಶಾಯಿ ತುಂಬಿ, ಬಟ್ಟೆಯಿಂದಲೂ ಅಂಗೈಯಿಂದಲೂ ಒರೆಸಿ, ತೇವ ಮಾಡಿದ ಹತ್ತಿಯ ಕಾಗದವನ್ನು ಅದರ ಮೇಲಿಟ್ಟು ಯಂತ್ರದಲ್ಲಿ ಹಾಯಿಸುತ್ತೇವೆ. ಒಂದು ಪ್ರತಿ ತೆಗೆಯಲು ಮುಕ್ಕಾಲು ಗಂಟೆ ಹಿಡಿಯುವುದುಂಟು, ಒಂದು ತಗಡಿನಿಂದ ಹದಿನೈದು ಪ್ರತಿ ತೆಗೆದರೆ ಹದಿನೈದು ಬಾರಿಯೂ ಹೀಗೆಯೇ ಶಾಯಿ ತುಂಬಿ ಒರೆಸಬೇಕು. ಆದ್ದರಿಂದ ಪ್ರತಿಯೊಂದೂ ಮೂಲಕೃತಿಯೇ.

ಕೊಳ್ಳುವವರು ನೋಡಬೇಕಾದ ಗುರುತುಗಳು ಕಣ್ಣಿಗೆ ಕಾಣುತ್ತವೆ. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಇರುತ್ತದೆ, ಕಾಗದವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅದು ಸ್ಪಷ್ಟ. ಕೆಳಗೆ ಎಡಕ್ಕೆ ಪೆನ್ಸಿಲ್‌ನಲ್ಲಿ 3/15 ಎಂದು ಬರೆದಿದ್ದರೆ ಅದು ಹದಿನೈದರಲ್ಲಿ ಮೂರನೆಯ ಪ್ರತಿ. ನಡುವೆ ಶೀರ್ಷಿಕೆ, ಬಲಕ್ಕೆ ಸಹಿ, ವರ್ಷ. ಎ.ಪಿ. ಎಂದಿದ್ದರೆ ಅದು ಕಲಾವಿದ ತನಗಾಗಿ ಇಟ್ಟುಕೊಂಡ ಪ್ರತಿ. ಕಂಪ್ಯೂಟರಿನಿಂದ ತೆಗೆದ ಡಿಜಿಟಲ್ ಪ್ರತಿಗೂ ಈಗ ಹೀಗೆ ಸಂಖ್ಯೆ ಹಾಕಿ ಮಾರುತ್ತಾರೆ. ಅದು ತಪ್ಪಲ್ಲ, ಆದರೆ ಯಾವ ವಿಧಾನದ್ದು ಎಂದು ಕೇಳಿ ಬರೆಸಿಕೊಳ್ಳಿ. ಹದಿನೈದು ಮುಗಿದ ಮೇಲೆ ತಗಡಿನ ಮೇಲೆ ಅಡ್ಡಗೆರೆ ಕೊರೆದು ರದ್ದು ಮಾಡಿದ್ದೀರಾ ಎಂದು ಕೇಳುವ ಹಕ್ಕು ಕೊಳ್ಳುವವರಿಗೆ ಇದೆ. ಹೀಗೆ ಕೇಳುವವರನ್ನು ಕಂಡರೆ ನನಗೆ ಸಂತೋಷವೇ ಆಗುತ್ತದೆ. ಹೊಸಗೋಡೆ ಸರ್, ನಿಮ್ಮ ಇಪ್ಪತ್ತು ಸಾವಿರಕ್ಕೆ ಎರಡು ಒಳ್ಳೆಯ ಪ್ರಿಂಟ್‌ಗಳು ಬರುತ್ತವೆ.

ಎರಡನೆಯದು ಚೌಕಾಸಿ. ಸ್ಟುಡಿಯೋಕ್ಕೆ ಬಂದವರು, ಇಷ್ಟು ಚಿಕ್ಕದಕ್ಕೆ ಇಷ್ಟು ಬೆಲೆಯೇ ಎನ್ನುತ್ತಾರೆ. ಚದರ ಅಂಗುಲಕ್ಕೆ ಇಷ್ಟು ಎಂದು ಬೆಲೆ ಕಟ್ಟುವ ರೂಢಿ ನಮ್ಮಲ್ಲಿ ಇರುವುದರಿಂದ ಈ ಮಾತು ಬರುತ್ತದೆ, ಅದರಲ್ಲಿ ಕಲಾವಿದರ ಪಾಲೂ ಇದೆ. ಕಂತಿನಲ್ಲಿ ಕೊಡುತ್ತೇನೆ ಎಂದರೆ ನಾನು ಖಂಡಿತ ಒಪ್ಪುತ್ತೇನೆ, ಮೂರು ತಿಂಗಳಲ್ಲಿ ಮೂರು ಕಂತು ಎಂದರೆ ನನಗೂ ತಿಂಗಳ ಬಾಡಿಗೆಗೆ ದಾರಿ. ಬೆಲೆಯನ್ನೇ ಅರ್ಧ ಮಾಡಿ ಎಂದರೆ ಮಾತ್ರ, ಆರು ತಿಂಗಳ ಹಿಂದೆ ಪೂರ್ತಿ ಬೆಲೆ ಕೊಟ್ಟು ಕೊಂಡವರಿಗೆ ನಾನು ಅನ್ಯಾಯ ಮಾಡಿದಂತಾಗುತ್ತದೆ.

ಮೂರನೆಯದನ್ನು ಬರೆಯಲು ಹಿಂಜರಿಕೆಯಿದೆ, ಆದರೂ ಬರೆಯುತ್ತೇನೆ. ಒಂದು ಹೋಟೆಲಿನವರು ನನ್ನ ಕೃತಿಗಳನ್ನು ತಮ್ಮ ಗೋಡೆಗೆ ಹಾಕಿಕೊಂಡು, ನಿಮಗೆ ಪ್ರಚಾರ ಸಿಗುತ್ತದೆ ಎಂದರು. ಒಂದು ವರ್ಷ ಅವು ಅಲ್ಲಿದ್ದವು. ಕೆಳಗೆ ಹೆಸರಿಲ್ಲ, ಬೆಲೆಯಿಲ್ಲ, ಮರಳಿ ಬಂದಾಗ ಎರಡರ ಕಾಗದ ಅಡುಗೆಮನೆಯ ಹೊಗೆಗೆ ಹಳದಿಯಾಗಿತ್ತು. ಕೊಳ್ಳುಗರನ್ನು ಕಲಾವಿದರಿಗೆ ಪರಿಚಯಿಸುತ್ತೇವೆ ಎಂದು ಮುಂದೆ ಬರುವವರು ಮೊದಲು ಕೃತಿಯ ಕೆಳಗೆ ಹೆಸರು ಬರೆಯುವುದರಿಂದ ಆರಂಭಿಸಲಿ.

ಕೆಂಪುಚುಕ್ಕೆ (ಬೆಂಗಳೂರು)

ಹತ್ತಾರು ವರ್ಷ ಗ್ಯಾಲರಿಯಲ್ಲಿ ಕೆಲಸ ಮಾಡಿದವನಾಗಿ ಗೋಡೆಬರಹ ಮೇಡಂ ಅವರ ವಾದಕ್ಕೆ ಅರ್ಧ ಒಪ್ಪಿಗೆ, ಅರ್ಧ ಆಕ್ಷೇಪ.

ಬೆಲೆಯ ವಿಷಯದಲ್ಲಿ ಪೂರ್ತಿ ಒಪ್ಪುತ್ತೇನೆ. ಕೃತಿಯ ಪಕ್ಕದಲ್ಲಿ ಬೆಲೆ ಬರೆದರೆ ಗ್ಯಾಲರಿ ಅಂಗಡಿಯಂತೆ ಕಾಣುತ್ತದೆ ಎಂಬ ಅಂಜಿಕೆ ನಮ್ಮಲ್ಲಿ ಬಹಳ ಕಾಲದಿಂದ ಇದೆ. ಬೆಲೆಪಟ್ಟಿ ಮೇಜಿನ ಡ್ರಾಯರಿನಲ್ಲಿ ಇರುತ್ತದೆ, ಕೇಳಿದವರಿಗೆ ಕೊಡುತ್ತೇವೆ. ಹೊಸಬರು ಕೇಳುವುದೇ ಇಲ್ಲ ಎಂಬುದನ್ನು ನಾನು ಬೇಕಾದಷ್ಟು ಸಲ ಕಣ್ಣಾರೆ ಕಂಡಿದ್ದೇನೆ. ಗೋಡೆಯ ಮೇಲೆ ಕೆಂಪು ಚುಕ್ಕೆ ಅಂಟಿಸಿದ ಕೃತಿಯನ್ನು ನೋಡಿ ಇದು ಮಾರಾಟವಾಗಿದೆ ಎಂದು ತಿಳಿಯದೆ ಅದರ ಮುಂದೆಯೇ ನಿಂತು ಯೋಚಿಸಿ, ಕೇಳದೆ ಹೊರಟವರೂ ಇದ್ದಾರೆ.

ಆಕ್ಷೇಪ ಇರುವುದು ನೇರ ಮಾರಾಟದ ಬಗ್ಗೆ. ಗ್ಯಾಲರಿ ಮಾರಾಟದ ಬೆಲೆಯಲ್ಲಿ ಶೇ 30ರಿಂದ 50ರವರೆಗೆ ಇಟ್ಟುಕೊಳ್ಳುತ್ತದೆ ಎಂದರೆ ಹೊರಗಿನವರಿಗೆ ಸುಲಿಗೆಯಂತೆ ಕೇಳುತ್ತದೆ. ಆ ಹಣದಲ್ಲಿ ಜಾಗದ ಬಾಡಿಗೆ, ಬೆಳಕಿನ ವ್ಯವಸ್ಥೆ, ಸಾಗಣೆ, ವಿಮೆ, ಕ್ಯಾಟಲಾಗ್, ದಿಲ್ಲಿಯ ಇಂಡಿಯಾ ಆರ್ಟ್ ಫೇರ್‌ನಂತಹ ಮೇಳಗಳಲ್ಲಿ ಮಳಿಗೆಯ ಖರ್ಚು ಎಲ್ಲವೂ ಸೇರಿವೆ. ಅದಕ್ಕಿಂತ ಮುಖ್ಯವಾಗಿ, ಸಂಗ್ರಹಾಲಯದ ಕ್ಯುರೇಟರ್ ಒಬ್ಬರನ್ನು ಕರೆತಂದು ಈ ಹುಡುಗಿಯ ಕೆಲಸ ನೋಡಿ ಎಂದು ಕೂರಿಸುವ ಕೆಲಸವನ್ನು ಕಲಾವಿದೆ ತಾನೇ ಮಾಡಿಕೊಳ್ಳಲಾರಳು. ಗ್ಯಾಲರಿಯಲ್ಲಿ 40 ಸಾವಿರಕ್ಕೆ ಇರುವ ಕೃತಿಯ ಜೊತೆಗಾರ ಕೃತಿ ಸ್ಟುಡಿಯೋದಲ್ಲಿ 20 ಸಾವಿರಕ್ಕೆ ಸಿಕ್ಕರೆ, ಮೊದಲು ಕೊಂಡವರ ನಂಬಿಕೆಯೂ ಗ್ಯಾಲರಿಯ ಆಸಕ್ತಿಯೂ ಒಟ್ಟಿಗೇ ಹೋಗುತ್ತವೆ. ಹಾಗಾಗಿ ಕಲಾವಿದರು ಎಲ್ಲಿ ಮಾರಿದರೂ ಒಂದೇ ಬೆಲೆ ಇಡಬೇಕು.

ಗೋಡೆಬರಹ (ಧಾರವಾಡ)

ಎಲ್ಲಿ ಮಾರಿದರೂ ಒಂದೇ ಬೆಲೆ ಎಂಬ ನಿಮ್ಮ ಮಾತು ನ್ಯಾಯವಾದದ್ದು, ಅದನ್ನು ನನ್ನ ವಿದ್ಯಾರ್ಥಿಗಳಿಗೂ ಹೇಳುತ್ತೇನೆ. ಆದರೆ ನಾನು ಮಾತಾಡುತ್ತಿರುವುದು ಗ್ಯಾಲರಿ ಇನ್ನೂ ಕೈಹಿಡಿಯದವರ ಬಗ್ಗೆ. ಗ್ಯಾಲರಿಗಳು ನಾಲ್ಕೈದು ವರ್ಷಗಳ ಕೆಲಸ ಕಂಡ ಮೇಲೆ ಬರುತ್ತವೆ, ಮತ್ತು ಬೆಂಗಳೂರಿಗೆ ಬರುತ್ತವೆ. ದಾವಣಗೆರೆ, ಕಲಬುರಗಿ, ಗದಗ, ಧಾರವಾಡಗಳಲ್ಲಿ ಕಲಾಶಾಲೆಗಳಿವೆ, ಗ್ಯಾಲರಿಗಳು ಇಲ್ಲವೆನ್ನುವಷ್ಟು ಕಡಿಮೆ. ಆ ನಾಲ್ಕೈದು ವರ್ಷಗಳನ್ನು ದಾಟಿಸುವವರು ಯಾರು ಎಂಬುದೇ ನನ್ನ ಪ್ರಶ್ನೆ.

ಕಲಾವಿದರು ಈ ಅಂತರವನ್ನು ತಾವೇ ತುಂಬಿಕೊಳ್ಳಲು ಪ್ರಯತ್ನಿಸಿದ್ದುಂಟು. 2009ರಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯ ಎಡಿಎ ರಂಗಮಂದಿರದ ಕಟ್ಟಡದಲ್ಲಿ ‘ಸಮೂಹ’ ಎಂಬ ಹೆಸರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಲಾವಿದರು ಕೈಯಿಂದ ಹಣ ಹಾಕಿ ಬಾಡಿಗೆ ಹಂಚಿಕೊಂಡು, ಸರದಿಯ ಮೇಲೆ ಒಬ್ಬೊಬ್ಬರೂ ಆ ಜಾಗವನ್ನು ಬಳಸಿದರು. ಇಂತಹ ಜಾಗಕ್ಕೆ ನಿಯಮಿತವಾಗಿ ಬರುವ ಇಪ್ಪತ್ತು ಮನೆಗಳ ಕೊಳ್ಳುಗರು ಸೇರಿಕೊಂಡಿದ್ದರೆ ಎಂದು ನಾನು ಹಲವು ಬಾರಿ ಯೋಚಿಸಿದ್ದೇನೆ. ಕಲಾವಿದರು ಒಗ್ಗೂಡಿದ್ದಾರೆ, ಕೊಳ್ಳುಗರು ಇದುವರೆಗೆ ಒಗ್ಗೂಡಿಲ್ಲ.

ದೂರದೂರು (ನ್ಯೂಜೆರ್ಸಿ)

ಒಗ್ಗೂಡುವ ಮಾತು ಬಂದದ್ದರಿಂದ ಇಲ್ಲಿನ ಒಂದು ಉದಾಹರಣೆ. ನ್ಯೂಯಾರ್ಕಿನಲ್ಲಿ ಹರ್ಬರ್ಟ್ ಮತ್ತು ಡೊರೊಥಿ ವೋಗೆಲ್ ಎಂಬ ದಂಪತಿ ಇದ್ದರು. ಗಂಡ ಅಂಚೆ ಇಲಾಖೆಯ ಗುಮಾಸ್ತ, ಹೆಂಡತಿ ಗ್ರಂಥಪಾಲಕಿ. ಹೆಂಡತಿಯ ಸಂಬಳದಲ್ಲಿ ಮನೆ ನಡೆಸಿ, ಗಂಡನ ಸಂಬಳವನ್ನು ಪೂರ್ತಿಯಾಗಿ ಕಲಾಕೃತಿಗಳಿಗೆ ಮೀಸಲಿಟ್ಟರು. 1960ರ ದಶಕದಲ್ಲಿ ಯಾರಿಗೂ ಬೇಡವಾಗಿದ್ದ ಕಿರಿಯ ಕಲಾವಿದರ ಸ್ಟುಡಿಯೋಗಳಿಗೆ ಹೋಗಿ, ತಮ್ಮ ಒಂದು ಮಲಗುಕೋಣೆಯ ಮನೆಯಲ್ಲಿ ಹಿಡಿಸುವಂಥದ್ದನ್ನು, ಟ್ಯಾಕ್ಸಿಯಲ್ಲೋ ಸಬ್‌ವೇ ರೈಲಿನಲ್ಲೋ ತರಬಹುದಾದದ್ದನ್ನು ಕೊಂಡರು, ಬೇಕಾದಾಗ ಕಂತಿನಲ್ಲಿ ಕೊಟ್ಟರು. 1992ರಲ್ಲಿ ತಮ್ಮ ಸಂಗ್ರಹವನ್ನು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಗೆ ಒಪ್ಪಿಸಲು ಆರಂಭಿಸಿದರು. ಅದು ಅಷ್ಟು ದೊಡ್ಡದಾಗಿತ್ತೆಂದರೆ, 2008ರಲ್ಲಿ ಅಮೆರಿಕದ ಐವತ್ತು ರಾಜ್ಯಗಳ ಒಂದೊಂದು ಸಂಸ್ಥೆಗೆ ಐವತ್ತೈವತ್ತು ಕೃತಿಗಳನ್ನು ಹಂಚುವ ಯೋಜನೆ ಪ್ರಕಟವಾಯಿತು. ಸಾಮಾನ್ಯ ನೌಕರರ ಸಂಬಳದಲ್ಲಿ ನಡೆದ ಕೆಲಸ ಇದು.

ಇಂಗ್ಲೆಂಡಿನಲ್ಲಿ 2004ರಿಂದ ಓನ್ ಆರ್ಟ್ ಎಂಬ ವ್ಯವಸ್ಥೆ ಇದೆ. ಕೊಳ್ಳುವವರಿಗೆ ಬಡ್ಡಿಯಿಲ್ಲದ ಸಾಲ, ಹತ್ತು ತಿಂಗಳ ಕಂತು. ಕಲಾವಿದರ ಹಣ ಕಂತುಗಳಿಗೆ ಕಾಯುತ್ತಾ ಕೂರುವುದಿಲ್ಲ. ಸಾಲದ ಮೊತ್ತ ಸಣ್ಣದಾದರೂ, ಮೊದಲ ಬಾರಿಗೆ ಕೊಳ್ಳುವವರಿಗೆ ಅದು ಧೈರ್ಯ ಕೊಡುತ್ತದೆ. ನಮ್ಮ ಸಹಕಾರಿ ಬ್ಯಾಂಕುಗಳು ಫ್ರಿಜ್‌ಗೆ, ಸ್ಕೂಟರಿಗೆ ಸಾಲ ಕೊಡುತ್ತವೆಯಲ್ಲ, ಚಿತ್ರಕ್ಕೆ ಕೊಡಬಾರದೇಕೆ?

ಇಲ್ಲಿನ ಕನ್ನಡ ಸಂಘಗಳು ಗಾಯಕರನ್ನು, ಯಕ್ಷಗಾನ ಮೇಳಗಳನ್ನು ಅಕ್ಕರೆಯಿಂದ ಕರೆಸಿಕೊಳ್ಳುತ್ತವೆ. ಚಿತ್ರಕಲಾವಿದರನ್ನು ಕರೆಸಿದ್ದನ್ನು ನಾನು ನೋಡಿಲ್ಲ. ನಾನು ಊರಿಗೆ ಬಂದಾಗ ಒಬ್ಬ ಕಿರಿಯ ಕಲಾವಿದರ ಕ್ಯಾನ್ವಾಸನ್ನು ಕೊಂಡು ಇಲ್ಲಿಗೆ ತರಬೇಕೆಂದಿದ್ದೇನೆ. ಕಲಾಕೃತಿಗಳನ್ನು ದೇಶದಿಂದ ಹೊರಗೆ ಒಯ್ಯಲು ನಿರ್ಬಂಧವಿದೆ ಎಂದು ಯಾರೋ ಹೆದರಿಸಿದರು. ತಿಳಿದವರು ಹೇಳಬೇಕು.

ದಾಖಲೆಪತ್ರ (ಬೆಂಗಳೂರು)

ವೃತ್ತಿಯಿಂದ ವಕೀಲ, ಸಣ್ಣ ಪ್ರಮಾಣದ ಸಂಗ್ರಾಹಕ. ದೂರದೂರು ಅವರ ಪ್ರಶ್ನೆಗೆ ಉತ್ತರ ಸರಳವಾಗಿದೆ. 1972ರ ಪುರಾತನ ವಸ್ತುಗಳು ಮತ್ತು ಕಲಾ ಸಂಪತ್ತಿನ ಕಾಯ್ದೆ ನೂರು ವರ್ಷ ದಾಟಿದ ಪುರಾತನ ವಸ್ತುಗಳಿಗೂ, ಕಲಾ ಸಂಪತ್ತೆಂದು ಸರಕಾರ ಘೋಷಿಸಿದ ಕೃತಿಗಳಿಗೂ ಅನ್ವಯಿಸುತ್ತದೆ. ರಾಜಾ ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ನಿಕೊಲಸ್ ರೋರಿಕ್ ಮೊದಲಾದವರ ಕೃತಿಗಳು ಆ ಪಟ್ಟಿಯಲ್ಲಿವೆ (ಬೆಂಗಳೂರಿನ ಹೊರವಲಯದ ತಾತಗುಣಿ ಎಸ್ಟೇಟಿನಲ್ಲಿ ಬಾಳಿದ ಸ್ವೆತೊಸ್ಲಾವ್ ರೋರಿಕ್ ಈ ನಿಕೊಲಸರ ಮಗ). ಬದುಕಿರುವ ಕಲಾವಿದರ ಕೃತಿಯನ್ನು ಕಲಾ ಸಂಪತ್ತೆಂದು ಘೋಷಿಸಲು ಆ ಕಾಯ್ದೆಯಲ್ಲಿ ಅವಕಾಶವೇ ಇಲ್ಲ. ಕಲಾವಿದರ ಸಹಿಯಿರುವ ಬಿಲ್ಲು, ಕೃತಿಯ ಫೋಟೋ, ವರ್ಷ ನಮೂದಿಸಿದ ಪತ್ರ ಜೊತೆಗಿರಲಿ, ವಿಮಾನ ನಿಲ್ದಾಣದಲ್ಲಿ ಕೇಳಿದರೆ ತೋರಿಸಲು ಆಗುತ್ತದೆ.

ಇದೇ ಪತ್ರದ ಬಗ್ಗೆ ಎಲ್ಲರಿಗೂ ಒಂದು ಮಾತು. ಪರಿಚಯದವರು, ಚಿಕ್ಕ ಮೊತ್ತ ಎಂದು ಜನ ದಾಖಲೆಯಿಲ್ಲದೆ ಕೊಳ್ಳುತ್ತಾರೆ. ಶೀರ್ಷಿಕೆ, ಮಾಧ್ಯಮ, ಅಳತೆ, ವರ್ಷ, ಬೆಲೆ ಮತ್ತು ಕಲಾವಿದರ ಸಹಿ ಇರುವ ಒಂದು ಹಾಳೆಯನ್ನು ಅಂದೇ ಪಡೆಯಬೇಕು. ಇಪ್ಪತ್ತು ವರ್ಷಗಳ ನಂತರ ಆ ಕಲಾವಿದರ ಆರಂಭದ ಕೆಲಸವನ್ನು ಹುಡುಕಿಕೊಂಡು ಬರುವ ಸಂಶೋಧಕರಿಗೆ ಆ ಹಾಳೆಯೇ ಆಧಾರವಾಗುತ್ತದೆ.

ಕೃತಿಸ್ವಾಮ್ಯದ ವಿಷಯದಲ್ಲಿ ಕೊಳ್ಳುಗರಲ್ಲಿ ದೊಡ್ಡ ತಪ್ಪುಕಲ್ಪನೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕ್ಯಾನ್ವಾಸು ನಿಮ್ಮದಾದರೂ ಅದರ ಕೃತಿಸ್ವಾಮ್ಯ ಕಲಾವಿದರಲ್ಲೇ ಉಳಿಯುತ್ತದೆ; ಅದು ನಿಮಗೆ ಬರಬೇಕಾದರೆ ಲಿಖಿತವಾಗಿ ವರ್ಗಾವಣೆಯಾಗಬೇಕು. ಕೊಂಡ ಚಿತ್ರವನ್ನು ನಿಮ್ಮ ಕಂಪನಿಯ ಕ್ಯಾಲೆಂಡರಿಗೆ ಅಚ್ಚು ಹಾಕಿಸುವ ಹಾಗಿಲ್ಲ. ಆದರೆ ಹಣ ಕೊಟ್ಟು, ನನಗಾಗಿ ಇಂಥದ್ದೊಂದು ಚಿತ್ರ ಬರೆದುಕೊಡಿ ಎಂದು ಬರೆಸಿದಾಗ, ಬೇರೆ ಒಪ್ಪಂದ ಇಲ್ಲದಿದ್ದರೆ 17ನೆಯ ಕಲಮಿನ ಪ್ರಕಾರ ಕೃತಿಸ್ವಾಮ್ಯದ ಮೊದಲ ಒಡೆಯರು ಬರೆಸಿದವರೇ ಆಗುತ್ತಾರೆ. ಕಿರಿಯ ಕಲಾವಿದರು ಇದನ್ನು ತಿಳಿಯದೆ ಹೀಗೆ ಹೇಳಿ ಬರೆಸುವ ಕಮಿಷನ್ ಕೆಲಸ ಒಪ್ಪಿಕೊಳ್ಳುತ್ತಾರೆ. ಕೃತಿಸ್ವಾಮ್ಯ ಕಲಾವಿದರದ್ದೇ ಎಂದು ಒಂದು ಸಾಲು ಬರೆದುಕೊಂಡರೆ ಸಾಕು, ಒಳ್ಳೆಯ ಮನಸ್ಸಿನ ಕೊಳ್ಳುಗರು ಅದಕ್ಕೆ ಬೇಡವೆನ್ನುವುದಿಲ್ಲ.

ಅದೇ ಕಾಯ್ದೆಗೆ 1994ರ ತಿದ್ದುಪಡಿಯಲ್ಲಿ ಸೇರಿದ 53ಎ ಕಲಮನ್ನೂ ಗಮನಿಸಿ. ಮೂಲಕೃತಿ ಹತ್ತು ಸಾವಿರ ರೂಪಾಯಿ ಮೀರಿದ ಬೆಲೆಗೆ ಮರುಮಾರಾಟವಾದರೆ ಅದರಲ್ಲಿ ಕಲಾವಿದರಿಗೆ ಪಾಲು ಇದೆ, ಶೇ 10ರ ಮಿತಿಯೊಳಗೆ. ಬಳಕೆಯಲ್ಲಿ ಇದು ತೀರಾ ಅಪರೂಪ. ಹೊಸ ಸಂಗ್ರಾಹಕರು ತಮ್ಮ ಖರೀದಿ ಪತ್ರದಲ್ಲೇ ಈ ಪಾಲನ್ನು ನಮೂದಿಸುವ ಪರಿಪಾಠ ಆರಂಭಿಸಿದರೆ ಅದು ದೊಡ್ಡ ಸೇವೆ.

ಇನ್ನು ನೈತಿಕ ಹಕ್ಕು, ಅಂದರೆ ಮಾರಿದ ಮೇಲೂ ತನ್ನ ಕೃತಿಗೆ ಹಾನಿಯಾದರೆ ಪ್ರಶ್ನಿಸಲು ಕಲಾವಿದರಿಗಿರುವ ಹಕ್ಕು. ದಿಲ್ಲಿಯ ವಿಜ್ಞಾನ ಭವನದ ಗೋಡೆಯಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು ಸರಕಾರ 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿತು. ದಿಲ್ಲಿ ಹೈಕೋರ್ಟ್ 2005ರಲ್ಲಿ ಉಳಿದ ಭಾಗಗಳನ್ನು ಕಲಾವಿದರಿಗೆ ಮರಳಿಸಲು, 5 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಕೊಂಡವರು ಕೃತಿಯನ್ನು ಹೇಗೆ ಬೇಕಾದರೂ ನಡೆಸಿಕೊಳ್ಳಬಹುದು ಎಂಬ ಭಾವನೆಗೆ ಈ ತೀರ್ಪು ಉತ್ತರ.

ತೆರಿಗೆಯ ಬಗ್ಗೆ ಚಿಕ್ಕದಾಗಿ: ಚಿತ್ರಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಇದರ ಅನುಕೂಲ ಗ್ಯಾಲರಿಯಲ್ಲಿ ಕೊಳ್ಳುವವರಿಗೆ ಕಾಣುತ್ತದೆ.

ಕಡಲತಡಿ (ಮಂಗಳೂರು)

ಕೊಂಡ ಮೇಲಿನ ಮಾತನ್ನು ಯಾರೂ ಆಡಲಿಲ್ಲ. ಕರಾವಳಿಯಲ್ಲಿ ಕಾಗದದ ಮೇಲಿನ ಕೃತಿ ಕೊಂಡವರಿಗೆ ಜುಲೈ ತಿಂಗಳೇ ಪರೀಕ್ಷೆ. ನಮ್ಮ ಮನೆಯಲ್ಲಿ ಒಂದು ಜಲವರ್ಣದ ಆಕಾಶದ ಭಾಗದಲ್ಲಿ ಕಂದು ಚುಕ್ಕೆಗಳು ಎದ್ದವು. ಬಿಚ್ಚಿ ನೋಡಿದರೆ ಚೌಕಟ್ಟಿನವರು ಕಾಗದವನ್ನು ಗಾಜಿಗೆ ತಾಗಿಸಿ, ಹಿಂದೆ ಸಾಮಾನ್ಯ ರಟ್ಟು ಕೊಟ್ಟು ಗೋಂದಿನಿಂದ ಅಂಟಿಸಿದ್ದರು. ಕಾಗದಕ್ಕೂ ಗಾಜಿಗೂ ನಡುವೆ ಮೌಂಟ್ ಬೋರ್ಡಿನ (ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟಿನ) ಅಂತರ ಬೇಕು, ಆ ಬೋರ್ಡು ಆಮ್ಲರಹಿತವಾಗಿರಬೇಕು, ಮಳೆ ಬಡಿಯುವ ಹೊರಗೋಡೆಗೆ ಚಿತ್ರ ತೂಗುಹಾಕಬಾರದು, ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೆ ಬಿರಡೆಯ ಚೂರು ಅಂಟಿಸಿ ಗಾಳಿಯಾಡಲು ಬಿಡಬೇಕು ಎಂದು ಆಮೇಲೆ ಕಲಿತೆ. ಇದನ್ನೆಲ್ಲ ಹೇಳಿಕೊಟ್ಟವರು ಆ ಚಿತ್ರ ಬರೆದ ಕಲಾವಿದೆಯೇ. ಉಡುಪಿಯಿಂದ ಬಸ್ಸಿನಲ್ಲಿ ಬಂದು, ಹಳೆಯ ಚೌಕಟ್ಟನ್ನು ತಾವೇ ಬಿಚ್ಚಿ, ಕಾಗದವನ್ನು ಹಗುರವಾಗಿ ಬ್ರಷ್ಷಿನಿಂದ ಒರೆಸಿ, ಹೊಸ ಬೋರ್ಡು ಹಾಕಿಕೊಟ್ಟರು. ಅಂಗಡಿಯ ಮುದ್ರಿತ ಕ್ಯಾನ್ವಾಸು ಕೆಟ್ಟರೆ ಯಾರು ಬರುತ್ತಾರೆ?

ಹೊಸಬರಿಗೆ ನನ್ನ ಸಲಹೆ, ನಿಮ್ಮ ಮೊತ್ತದಲ್ಲಿ ಒಂದು ಭಾಗವನ್ನು ಚೌಕಟ್ಟಿಗೆಂದೇ ತೆಗೆದಿಡಿ. ಇಪ್ಪತ್ತು ಸಾವಿರವಿದ್ದರೆ ಹದಿನಾರಕ್ಕೆ ಕೃತಿ ಕೊಳ್ಳಿ.

ಹೊಸಗೋಡೆ (ಬೆಂಗಳೂರು)

ಎಲ್ಲರಿಗೂ ವಂದನೆಗಳು. ಅಚ್ಚಿನಮನೆ ಮೇಡಂ, ನಿಮ್ಮ ಅಭ್ಯಂತರ ಇಲ್ಲದಿದ್ದರೆ ಮುಂದಿನ ತಿಂಗಳು ನಾವಿಬ್ಬರೂ ಮೈಸೂರಿಗೆ ಬಂದಾಗ ನಿಮ್ಮ ಕೆಲಸ ನೋಡಲು ಬರುತ್ತೇವೆ, ಕೊಳ್ಳುವ ಬಗ್ಗೆ ಇನ್ನೂ ನಿರ್ಧರಿಸಿಲ್ಲ. ಕಂತಿನ ವ್ಯವಸ್ಥೆಯನ್ನು ಪತ್ರದಲ್ಲಿ ಹೇಗೆ ಬರೆಯಬೇಕು ಎಂಬುದನ್ನು ದಾಖಲೆಪತ್ರ ಸರ್ ತಿಳಿಸಿದರೆ ಉಪಕಾರವಾಗುತ್ತದೆ.

ದಾಖಲೆಪತ್ರ (ಬೆಂಗಳೂರು)

ಒಟ್ಟು ಬೆಲೆ, ಕಂತುಗಳ ದಿನಾಂಕ, ಕೃತಿ ಯಾವ ಕಂತಿನ ನಂತರ ಕೊಳ್ಳುವವರ ಮನೆಗೆ ಹೋಗುತ್ತದೆ, ಪೂರ್ತಿ ಹಣ ಸಂದಾಯವಾಗುವವರೆಗೆ ಒಡೆತನ ಯಾರದ್ದು, ನಡುವೆ ಹಾನಿಯಾದರೆ ಹೊಣೆ ಯಾರದ್ದು. ಈ ಐದು ವಿಷಯಗಳನ್ನು ಕನ್ನಡದಲ್ಲೇ ಸರಳವಾಗಿ ಬರೆದು ಇಬ್ಬರೂ ಸಹಿ ಮಾಡಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ. ಮೊದಲ ಕಂತಿಗೇ ಕೃತಿಯನ್ನು ಕೊಡುವುದು ವಾಡಿಕೆಯಲ್ಲ, ಕಲಾವಿದರು ನಂಬಿ ಕೊಟ್ಟರೆ ಅದು ಅವರ ದೊಡ್ಡತನ.

ಗೋಡೆಬರಹ (ಧಾರವಾಡ)

ಈ ಚರ್ಚೆಯಿಂದ ನಾನು ಎರಡು ಕೆಲಸಗಳನ್ನು ಕೈಗೆತ್ತಿಕೊಳ್ಳುತ್ತಿದ್ದೇನೆ. ನಮ್ಮ ವಿದ್ಯಾರ್ಥಿಗಳ ಈ ಬಾರಿಯ ಅಂತಿಮ ವರ್ಷದ ಪ್ರದರ್ಶನದಲ್ಲಿ ಪ್ರತಿ ಕೃತಿಯ ಪಕ್ಕದಲ್ಲಿ ಹೆಸರು, ಮಾಧ್ಯಮ, ಅಳತೆಯ ಜೊತೆಗೆ ಬೆಲೆಯನ್ನೂ ಬರೆಯಲು ಸಹೋದ್ಯೋಗಿಗಳನ್ನು ಒಪ್ಪಿಸುತ್ತೇನೆ. ಮಾರಾಟಕ್ಕಿಲ್ಲದ್ದಕ್ಕೆ ಹಾಗೆಂದೇ ಬರೆಯುತ್ತೇವೆ, ಏಕೆಂದರೆ ಪರೀಕ್ಷೆಗೆಂದು ಮಾಡಿದ ಎಲ್ಲವನ್ನೂ ಮಾರಬೇಕೆಂಬ ಒತ್ತಡ ಮಕ್ಕಳ ಮೇಲೆ ಬೀಳಬಾರದು. ಉದ್ಘಾಟನೆಯ ಮರುದಿನವನ್ನು ಕೊಳ್ಳುಗರಿಗೆಂದು ಇಟ್ಟು, ಆ ದಿನ ಮಕ್ಕಳು ತಮ್ಮ ತಮ್ಮ ಕೃತಿಯ ಬಳಿ ಸ್ಕೆಚ್ ಪುಸ್ತಕದೊಂದಿಗೆ ಇರುವಂತೆ ನೋಡಿಕೊಳ್ಳುತ್ತೇನೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯವರು ಬಂದರೆ ಅಷ್ಟೇ ಸಾಕು, ಬೆಂಗಳೂರಿನವರು ಬಂದರೆ ಇನ್ನೂ ಸಂತೋಷ.

ದಾಖಲೆಪತ್ರ ಅವರು ಹೇಳಿದ ಖರೀದಿ ಪತ್ರದ ಮಾದರಿಯನ್ನು, ಮರುಮಾರಾಟದ ಪಾಲಿನ ಸಾಲನ್ನೂ ಸೇರಿಸಿ, ಇಲ್ಲಿಯೇ ಹಾಕಲು ಅವರನ್ನು ವಿನಂತಿಸುತ್ತೇನೆ. ಕೆಂಪುಚುಕ್ಕೆ ಅವರು ಆ ಮಕ್ಕಳಿಗೆ ಬೆಲೆ ಕಟ್ಟುವುದು ಹೇಗೆಂದು ಒಂದು ಮಧ್ಯಾಹ್ನ ಬಂದು ಹೇಳಿಕೊಟ್ಟರೆ, ನಮ್ಮ ಆಕ್ಷೇಪಗಳನ್ನು ಅಲ್ಲಿಯೇ ಎದುರೆದುರು ಕೂತು ಮುಂದುವರಿಸಬಹುದು.

ಕೆಂಪುಚುಕ್ಕೆ (ಬೆಂಗಳೂರು)

ಖಂಡಿತ ಬರುತ್ತೇನೆ. ದಿನಾಂಕ ತಿಳಿಸಿ. ಬರುವ ಮುಂಚೆ ಆ ಮಕ್ಕಳು ತಾವು ಒಂದು ಕೃತಿಗೆ ಕೊಟ್ಟ ಸಮಯ, ಸಾಮಗ್ರಿಯ ಖರ್ಚು, ತಾವೇ ಯೋಚಿಸಿದ ಬೆಲೆ ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿರಲಿ, ಅದರಿಂದಲೇ ಮಾತು ಆರಂಭಿಸೋಣ.